ಆನೆ ಕೊಟ್ಟ ಆಟ

ಗುಬ್ಬಿಯ ದೊಡ್ಡಪ್ಪನ ಮನೆಯಲ್ಲಿ ನಾನು ಮಲಗುತ್ತಿದ್ದ ಕೋಣೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಹಾಗಲವಾಡಿ ರಸ್ತೆಯ ತೋಟದಿಂದ ತಂದ ಕಾಯನ್ನು ಸುಲಿಯದೆ ಅಲ್ಲಿ ರಾಶಿ ಹಾಕಿ ಬಿಟ್ಟರೆ, ವರ್ಷ ತುಂಬುವಷ್ಟರಲ್ಲಿ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿಯಾಗುತ್ತದೆ. ದೊಡ್ಡಪ್ಪ ಏಣಿ ಹತ್ತಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಒಳಗೆ ಲೊಟಲೊಟ ಸದ್ದು ಬಂದರೆ ಚಿಪ್ಪು ಬಿಟ್ಟಿದೆ ಎಂದು ಲೆಕ್ಕ. ಬರದಿದ್ದರೆ ಕಾಯಿ ಇನ್ನೂ ಅಲ್ಲೇ ಇರಬೇಕು. ಆ ಮನೆಗೆ ನಾನು ಬೇಸಿಗೆ ರಜ ಕಳೆಯಲು ಹೋದವಳು. ಅಲ್ಲಿಂದ ಹೊರಟದ್ದು ಮದುವೆಯಾದ ಮೇಲೆ. ಹೀಗೆಂದರೆ ಜನ, ದತ್ತು ಹೋಗಿದ್ರಾ ಎಂದು ಕೇಳುತ್ತಾರೆ. ಇಲ್ಲ ಸ್ವಾಮಿ. ದತ್ತು ಅಂದರೆ ಒಂದು ಶಾಸ್ತ್ರ, ನಾಲ್ಕು ಜನ, ಒಂದು ಪಾಯಸದ ಊಟವಾದರೂ ಇರುತ್ತದೆ. ನನ್ನ ಪಾಲಿಗೆ ಅದೂ ಇರಲಿಲ್ಲ. ನನ್ನನ್ನು ವಾಪಸು ಕರೆದುಕೊಂಡು ಹೋಗುವ ಮಾತು ಒಂದು ಚೆಸ್ ಆಟದೊಳಗೆ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿದುಬಿಟ್ಟಿತು. ಕೇಳಿದವರು ನಗುತ್ತಾರೆ, ನಾನೂ ಅವರ ಜೊತೆ ನಕ್ಕಿದ್ದೇನೆ.

ನಾನು ಹುಟ್ಟಿ ಬೆಳೆಯುತ್ತಿದ್ದದ್ದು ತುಮಕೂರಿನ ಒಂದು ವಠಾರದಲ್ಲಿ. ಒಂದು ಪಡಸಾಲೆ, ಒಂದು ಅಡುಗೆಮನೆ, ಐದಾರು ಸಂಸಾರಕ್ಕೆ ಒಂದು ನಲ್ಲಿ. ಅಪ್ಪ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದ. ಎಷ್ಟು ಸೋಪು ಹಚ್ಚಿ ತೊಳೆದರೂ ಅವನ ಕೈಯಿಂದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಅವನು ಕಲಸಿ ಕೊಟ್ಟ ತುತ್ತಿಗೂ ಅದೇ ವಾಸನೆ, ನನಗೆ ಅದು ಇಷ್ಟ. ಅಕ್ಕ ನಾಗುವಿಗೂ ನನಗೂ ಜಗಳವಾಗದ ಊಟವೇ ಇಲ್ಲ. ಯಾರ ಮುದ್ದೆ ದೊಡ್ಡದು, ಯಾರ ಸಾರಿಗೆ ಕಾಳು ಹೆಚ್ಚು ಬಿತ್ತು, ಯಾರ ತಟ್ಟೆ ಯಾರು ತೊಗೊಂಡರು. ತಟ್ಟೆಯ ಜಗಳ ತಾಳಲಾರದೆ ಅಮ್ಮ ಪಾತ್ರೆ ಅಂಗಡಿಗೆ ಹೋಗಿ ಎರಡು ಸ್ಟೀಲ್ ತಟ್ಟೆ ತಂದಳು. ಒಂದರ ಅಂಚಿನಲ್ಲಿ ನಾಗರತ್ನ, ಇನ್ನೊಂದರಲ್ಲಿ ವನಜ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಳು. ನನ್ನ ಹೆಸರನ್ನು ನಾನು ಬೇರೆಲ್ಲೂ ಅಷ್ಟು ಚೆನ್ನಾಗಿ ಬರೆದದ್ದು ನೋಡಿರಲಿಲ್ಲ. ಉಂಡಾದ ಮೇಲೆ ಬೆರಳಲ್ಲಿ ಆ ಚುಕ್ಕಿಗಳನ್ನು ಮುಟ್ಟುತ್ತಾ ಕೂತರೆ ಅಮ್ಮ ಬೈಯುತ್ತಿದ್ದಳು, ಎಂಜಲು ಕೈ ಒಣಗ್ತದೆ ಏಳು ಎಂದು.

ಆಗ ಗುಬ್ಬಿಯಲ್ಲಿ ಸುಮ ತೀರಿಕೊಂಡಳು. ದೊಡ್ಡಪ್ಪ ದೊಡ್ಡಮ್ಮನಿಗೆ ಅವಳೊಬ್ಬಳೇ ಮಗಳು, ನನಗಿಂತ ಸ್ವಲ್ಪ ದೊಡ್ಡವಳು. ಜ್ವರ ಅಂದರು, ಕಾಮಾಲೆ ಅಂದರು, ಯಾವುದು ಏನು ಎಂದು ಗೊತ್ತಾಗುವಷ್ಟರಲ್ಲಿ ಹುಡುಗಿ ಇರಲಿಲ್ಲ. ತಿಥಿ ಎಲ್ಲ ಮುಗಿದು ಸ್ವಲ್ಪ ದಿನಕ್ಕೆ, ಬೇಸಿಗೆಯ ಒಂದು ಸಂಜೆ, ದೊಡ್ಡಪ್ಪ ನಮ್ಮ ವಠಾರಕ್ಕೆ ಬಂದ. ಅವನು ಅಪ್ಪನಿಗಿಂತ ತುಂಬ ಹಿರಿಯ. ಅಪ್ಪನನ್ನು ಓದಿಸಿದವನೂ ಅವನೇ, ಕೆಲಸಕ್ಕೆ ಸೇರಿಸಿದವನೂ ಅವನೇ. ಅಪ್ಪ ಅವನ ಎದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅವತ್ತೂ ಗೋಡೆಗೆ ಒರಗಿ ನಿಂತಿದ್ದ. ದೊಡ್ಡಪ್ಪ ತುಂಬ ಹೊತ್ತು ಮಳೆ, ಕಾಯಿ, ರೈಲು ಎಂದು ಏನೇನೋ ಮಾತಾಡಿ, ಕೊನೆಗೆ ನನ್ನ ಕಡೆ ನೋಡದೆ ಹೇಳಿದ:

"ನಿಮ್ಮತ್ಗೆ ಒಲೆ ಹಚ್ತಿಲ್ಲ ಕಣೋ. ಗೋಡೆ ನೋಡ್ಕೊಂಡ್ ಕೂತಿರ್ತಾಳೆ. ಮನೇಲಿ ಒಂದು ಮಗೀನ ಸದ್ದಾಗ್ಬೇಕು ಅನ್ನುಸ್ತದೆ. ಚಿಕ್ಕೋಳ್ನ ಕಳ್ಸು."

ಅಪ್ಪ ಅಡುಗೆಮನೆಯ ಕಡೆ ನೋಡಿದ. ಅಮ್ಮ ಒಲೆಯ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಳು. ಎರಡು ಕಾಲಲ್ಲಿ ಪಾತ್ರೆ ಅದುಮಿ ಹಿಡಿದು ಮುದ್ದೆ ಕೋಲನ್ನು ತಿರುವುವಾಗ ಯಾರೇ ಆಗಲಿ ಮಾತಾಡುವುದು ಕಷ್ಟ. ಆದರೂ ಅವಳು ಕೈ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ರಜ ಮುಗಿಯೋಗಂಟ ಇರ್ಲಿ ಬುಡಿ ಬಾವ," ಎಂದಳು.

ಅಷ್ಟೇ ನಡೆದದ್ದು. ನಾನು ಕುಣಿದುಕೊಂಡು ಹೋದೆ. ಹೊಸ ಲಂಗ ಸಿಕ್ಕಿತ್ತು, ರೈಲಿನ ಕಿಟಕಿ ಸಿಕ್ಕಿತ್ತು, ಅಕ್ಕನಿಗೆ ಎರಡೂ ಸಿಕ್ಕಿರಲಿಲ್ಲ. ಬಟ್ಟೆ ಗಂಟು ಕಟ್ಟುವಾಗ ಅಮ್ಮ ನನ್ನ ತಟ್ಟೆಯನ್ನು ಕೈಗೆ ತೊಗೊಂಡು, ಒಂದು ಕ್ಷಣ ಯೋಚಿಸಿ, ಮತ್ತೆ ಗೂಡಿನಲ್ಲಿಟ್ಟಳು. ಬೇಗ ಬರುವವಳಿಗೆ ತಟ್ಟೆ ಯಾಕೆ ಎಂದಿರಬೇಕು.

ಗುಬ್ಬಿಯ ಮನೆಯಲ್ಲಿ ದೊಡ್ಡಮ್ಮ ನನಗೆ ಊಟ ಬಡಿಸಿದ್ದು ಸುಮಳ ತಟ್ಟೆಯಲ್ಲಿ. ಅದರ ಅಂಚಿನಲ್ಲೂ ಚುಕ್ಕಿಯ ಹೆಸರಿತ್ತು. ಮೊದಲ ದಿನ ನಾನು ಅನ್ನವನ್ನು ಅಂಚಿನ ಕಡೆ ಸರಿಸಿ ಆ ಹೆಸರು ಮುಚ್ಚಿಕೊಂಡು ಉಂಡೆ. ಆದರೆ ದೊಡ್ಡಮ್ಮ ಒಲೆ ಹಚ್ಚಿದ್ದಳು, ಅದೇ ದೊಡ್ಡ ಸುದ್ದಿ. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತು ಹೊಗೆ ನೋಡಿಕೊಂಡು ಹೋದರು. ನನ್ನ ತಲೆ ಬಾಚುವಾಗ ಅವಳು ಜಡೆಯನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದಳೆಂದರೆ ಹುಬ್ಬು ಮೇಲಕ್ಕೆ ಹೋಗುತ್ತಿತ್ತು. ನಾನು ಒಂದು ಸಲ ಕೆಮ್ಮಿದರೆ ಸಾಕು, ಎಲ್ಲಿದ್ದರೂ ಓಡಿಬಂದು ಹಣೆ ಮುಟ್ಟಿ, ಕಣ್ಣಿನ ರೆಪ್ಪೆ ಕೆಳಗೆ ಎಳೆದು ಹಳದಿಯಾಗಿದೆಯೇ ಎಂದು ನೋಡುತ್ತಿದ್ದಳು. ಹೀಗೆ ನೋಡಿ ನೋಡಿ ನನಗೂ ಭಯ ಹತ್ತಿತು. ಕನ್ನಡಿ ಸಿಕ್ಕಿದಲ್ಲೆಲ್ಲ ನಾನೇ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ. ತುಮಕೂರು ಎಂಬ ಮಾತು ನನ್ನ ಬಾಯಿಂದ ಬಂದ ದಿನ ಅವಳು ತನ್ನ ತಟ್ಟೆ ಬಿಟ್ಟು ಎದ್ದುಹೋಗಿ ಹಿತ್ತಲ ಕಲ್ಲಿನ ಮೇಲೆ ಕೂರುತ್ತಿದ್ದಳು. ದೊಡ್ಡಪ್ಪ ಬೈಯುತ್ತಿರಲಿಲ್ಲ; ನನ್ನನ್ನು ಸುಮ್ಮನೆ ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರ ಊಟ ನನ್ನ ನಾಲಿಗೆಯ ಮೇಲೆ ನಿಂತಿದೆ ಎಂದು ಆ ವಯಸ್ಸಿಗೇ ಕಲಿತೆ, ಮಾತು ನುಂಗುವುದನ್ನೂ ಕಲಿತೆ. ಈಗಲೂ ಬಿಟ್ಟಿಲ್ಲ.

ರಜ ಮುಗಿಯಿತು. ಅಪ್ಪ ಬಂದ. ನಾನು ಗಂಟು ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದೆ. ಅವನು ನನ್ನ ಕೈ ಹಿಡಿದು ನಡೆಸಿಕೊಂಡು ಹೋದದ್ದು ರೈಲ್ವೆ ಸ್ಟೇಷನ್ನಿಗಲ್ಲ, ಗುಬ್ಬಿಯ ಶಾಲೆಗೆ. ಜೇಬಿನಿಂದ ತುಮಕೂರು ಶಾಲೆಯ ಟಿ.ಸಿ. ತೆಗೆದು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟ. ಈ ವರ್ಷ ಒಂದು ಇಲ್ಲಿರು, ದೊಡ್ಡಮ್ಮ ಸುಧಾರಿಸಿಕೊಳ್ಳಲಿ, ನಾನು ವಾರ ವಾರ ಬರುತ್ತೇನೆ ಎಂದು ದಾರಿಯಲ್ಲಿ ಹೇಳಿದ. ಆ ಮಾತನ್ನು ಉಳಿಸಿಕೊಂಡ. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಬರುತ್ತಿದ್ದ, ಸಂಜೆ ಬಸ್ಸಿಗೆ ಹೋಗುತ್ತಿದ್ದ. ದಸರಾಕ್ಕೆ ತುಮಕೂರಿಗೆ ಹೋದಾಗ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, ಈ ಸಲ ನಿಮ್ಮಪ್ಪ ಕೇಳ್ತಾರೆ, ಕೇಳಿ ಕರ್ಕೊಂಡ್ ಬರ್ತಾರೆ ಎಂದಿದ್ದಳು. ಅಲ್ಲಿಂದ ನಾನು ಪ್ರತಿ ಭಾನುವಾರ ಕಾಯುತ್ತಿದ್ದದ್ದು ಒಂದೇ ಮಾತಿಗೆ. ಅಪ್ಪ ಕೇಳಬೇಕು.

ಅಪ್ಪ ಕೇಳುತ್ತಿರಲಿಲ್ಲ. ಬಂದವನೇ ಅಣ್ಣನ ಎದುರು ಚದುರಂಗದ ಹಲಗೆ ಹಾಕಿಕೊಂಡು ಕೂರುತ್ತಿದ್ದ. ಆ ಹಲಗೆಯ ಮುಂದೆ ಮಾತ್ರ ಅವನು ಅಣ್ಣನ ಸಮಕ್ಕೆ ಕೂರುತ್ತಿದ್ದದ್ದು. ಹಲಸಿನ ಮರದ ಹಲಗೆ, ಗೀರಿದ ಮನೆಗಳು, ಕಪ್ಪು ಬಿಳಿ ಬಣ್ಣ ಇಲ್ಲ. ಕೆಂಪು ಹಸಿರು ಕಾಯಿಗಳು. ಇಬ್ಬರೂ ಒಂದೇ ಹಲಗೆಯ ಮೇಲೆ ಕಲಿತವರು, ಆದರೆ ಅಪ್ಪ ಕಾರ್ಖಾನೆಗೆ ಸೇರಿದ ಮೇಲೆ ಅಲ್ಲಿ ಊಟದ ಬಿಡುವಿನಲ್ಲಿ ಆಡುವವರಿಂದ ಪುಸ್ತಕದ ಆಟ ಕಲಿತಿದ್ದ. ದೊಡ್ಡಪ್ಪನದು ಮನೆ ಆಟ. ದೊಡ್ಡಪ್ಪ ಮಂತ್ರಿ ಅಂದರೆ ಅಪ್ಪ ರಾಣಿ ಅನ್ನುತ್ತಿದ್ದ. ಆನೆ, ಕುದುರೆ, ಒಂಟೆ, ಸಿಪಾಯಿ ಇಬ್ಬರಿಗೂ ಒಂದೇ. ನಿಜವಾದ ವ್ಯತ್ಯಾಸ ಇದ್ದದ್ದು ರಾಜನಲ್ಲಿ. ನಮ್ಮ ಮನೆ ಆಟದಲ್ಲಿ ರಾಜನಿಗೆ ಒಂದು ನೆಗೆತ ಉಂಟು. ಮೊದಲನೇ ಸಲ ಚೆಕ್ ಬಿದ್ದಾಗ ಅವನು ಕುದುರೆಯ ಹಾಗೆ ಒಂದೇ ಒಂದು ಸಲ ಹಾರಿ ತಪ್ಪಿಸಿಕೊಳ್ಳಬಹುದು. ಆ ಮೊದಲ ಚೆಕ್‌ಗೆ ಹಾರದೆ ಇನ್ನೇನಾದರೂ ಮಾಡಿದನೋ, ಯಾರನ್ನಾದರೂ ಅಡ್ಡ ನಿಲ್ಲಿಸಿದನೋ, ನೆಗೆತ ಹೋಯಿತು. ಮುಂದೆ ಎಷ್ಟು ಚೆಕ್ ಬಿದ್ದರೂ ಅವನು ನಡೆದೇ ಸಾಯಬೇಕು.

ಅವರೆಕಾಯಿಯ ಕಾಲದ ಒಂದು ಭಾನುವಾರ ಅಪ್ಪ ಒಂದು ಹಾಳೆ ತಂದ. ಯಾವುದೋ ದೇಶದಲ್ಲಿ ಯಾವುದೋ ಕಾಲದಲ್ಲಿ ಇಬ್ಬರು ದೊಡ್ಡ ಆಟಗಾರರು ಆಡಿದ ಆಟವಂತೆ, ಪುಸ್ತಕಗಳಲ್ಲೆಲ್ಲ ಇದೆಯಂತೆ. ಜೊತೆಯವನೊಬ್ಬನ ಹತ್ತಿರ ಇದ್ದ ಪುಸ್ತಕದಿಂದ ಎಲ್ಲ ನಡೆಗಳನ್ನೂ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಇಳಿಸಿಕೊಂಡಿದ್ದ. ಆಡಿದವರ ಹೆಸರು ನನಗೆ ನೆನಪಿಲ್ಲ. ದೊಡ್ಡಪ್ಪ ಅವರನ್ನು ಕೆಂಪಯ್ಯ, ಹಸಿರಯ್ಯ ಎಂದೇ ಕರೆಯುತ್ತಿದ್ದ. ಅಪ್ಪ ಮೊದಲಿನದೆಲ್ಲ ಬಿಟ್ಟು ನೇರವಾಗಿ ಆನೆ ಕೊಡುವ ಜಾಗಕ್ಕೆ ಕಾಯಿ ಜೋಡಿಸಿದ. ಆ ಜೋಡಣೆಯನ್ನು ನಾನು ಈಗಲೂ ಕಣ್ಣು ಮುಚ್ಚಿಕೊಂಡು ಇಡಬಲ್ಲೆ. ಹಸಿರು ರಾಜ ತನ್ನ ಮನೆ ಬಿಟ್ಟು ಕದಲಿಲ್ಲ. ಪಕ್ಕದಲ್ಲಿ ಅವನದೇ ಒಂಟೆ, ಮುಂದೆ ಓರೆಯಲ್ಲಿ ಅವನದೇ ಕುದುರೆ; ಕಾಯಲು ನಿಂತವರೇ ದಾರಿ ಕಟ್ಟಿದ್ದಾರೆ. ಅವನ ರಾಣಿ ದೂರದ ಮೂಲೆಗೆ ಒಂದು ಪುಡಿ ಸಿಪಾಯಿ ತಿನ್ನಲು ಹೋಗಿ ಕೂತಿದ್ದಾಳೆ. ರಾಜ ಕಾಲಿಡಬಹುದಾದ ಉಳಿದೆರಡು ಮನೆಗಳನ್ನು ಕೆಂಪು ಒಂಟೆಯೊಂದು ದೂರದಿಂದಲೇ ಹಿಡಿದಿದೆ. ಆಗ ಕೆಂಪು ಆನೆ ನೆಟ್ಟಗೆ ನುಗ್ಗಿ ರಾಜನ ಎದುರು ಸಾಲಿನ ಸಿಪಾಯಿಯನ್ನು ಕಡಿದು ಚೆಕ್ ಅನ್ನುತ್ತದೆ.

ಆನೆ ಪುಕ್ಕಟೆಯಾಗಿ ಹೋಗುತ್ತದೆ. ಪಕ್ಕದ ಸಿಪಾಯಿ ಅದನ್ನು ಕಡಿಯುತ್ತದೆ. ಆದರೆ ಕಡಿಯಲು ಅದು ತನ್ನ ಜಾಗ ಬಿಟ್ಟಿತಲ್ಲ, ಅಲ್ಲೇ ಇರುವುದು ಗುಟ್ಟು. ರಾಜನ ಬಗಲಿಗೆ ಒಂದು ಓರೆ ಹಾದಿ ತೆರೆದುಕೊಳ್ಳುತ್ತದೆ. ಆ ಹಾದಿಗೆ ಕೆಂಪು ರಾಣಿ ಬಂದು ಚೆಕ್. ಇನ್ನೊಂದು ಸಿಪಾಯಿ ಅಡ್ಡ ಬರುತ್ತದೆ. ರಾಣಿ ಅದನ್ನು ಕಡಿದು ತಾನೂ ಸಾಯುತ್ತಾಳೆ. ಕೊನೆಗೆ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಇನ್ನೊಂದು ಒಂಟೆ ಬಂದು ಅದೇ ಓರೆಯಲ್ಲಿ ನಿಲ್ಲುತ್ತದೆ. ರಾಜನಿಗೆ ಹೋಗಲು ಒಂದು ಮನೆಯೂ ಇಲ್ಲ. ಅಪ್ಪ ಇದನ್ನು ಎರಡೆರಡು ಸಲ ಆಡಿ ತೋರಿಸಿದ. ಇಷ್ಟು ದೊಡ್ಡದನ್ನು ಕೊಟ್ಟು ಗೆಲ್ಲಬಹುದು ಎಂಬುದೇ ಅವನಿಗೆ ಬೆರಗು. ನನಗೆ ಬೆರಗಾಗಲಿಲ್ಲ. ನಾನು ನೋಡುತ್ತಿದ್ದದ್ದು ಹಲಗೆಯ ಪಕ್ಕದಲ್ಲಿ ಅಡ್ಡ ಬಿದ್ದಿದ್ದ ಆನೆಯನ್ನು. ಆಟ ಗೆದ್ದ ಮೇಲೂ ಅದನ್ನು ಯಾರೂ ಎತ್ತಿ ಒಳಗೆ ಇಡಲಿಲ್ಲ.

ದೊಡ್ಡಪ್ಪ ಎಲೆಅಡಿಕೆ ಅಗಿಯುತ್ತಾ ಎಲ್ಲ ನೋಡಿ, ಕಾಯಿಗಳನ್ನು ಮತ್ತೆ ಆನೆ ಕಡಿದ ಜಾಗಕ್ಕೆ ತಂದಿಟ್ಟು, ಹಸಿರು ರಾಜನನ್ನು ಎತ್ತಿ ಕುದುರೆಯ ಹಾಗೆ ಎಡಕ್ಕೆ ಹಾರಿಸಿದ. ಮುಗಿಯಿತು. ರಾಜ ಹೊರಗೆ ಹೋದ, ಆನೆ ಸಿಪಾಯಿಯ ಬಾಯಿಗೆ ಬಿದ್ದೇ ಇದೆ.

"ನಿನ್ ಪುಸ್ತಕದೋರಿಗೆ ನೆಗೆತ ಗೊತ್ತಿಲ್ಲ. ಆನೆ ದಂಡ ಆಯ್ತು. ಈ ಹಲಗೆ ಮೇಲೆ ಅದು ಸರಿ ಅಂತ ತೋರ್ಸು, ಏನ್ ಕೇಳಿದ್ರೂ ಕೊಡ್ತೀನಿ."

ನಗುತ್ತಾ ಹೇಳಿದ ಮಾತು. ಅಪ್ಪನೂ ನಕ್ಕ. ನಾನು ನಗಲಿಲ್ಲ. ಏನು ಕೇಳಿದರೂ ಕೊಡುತ್ತಾನೆ ಎಂದರೆ ನನ್ನನ್ನೂ ಕೊಡುತ್ತಾನೆ. ಇಷ್ಟು ದಿನ ಅಪ್ಪನಿಗೆ ಕೇಳಲು ಬಾಯಿ ಬಂದಿರಲಿಲ್ಲ. ಈಗ ಗೆದ್ದರೆ ಸಾಕು, ಕೇಳದೆ ಇರುವ ಹಾಗಿಲ್ಲ. ಅವತ್ತಿನಿಂದ ಆ ಆನೆಯ ಮೇಲೆ ನನ್ನ ಪ್ರಾಣ ನಿಂತಿತು.

ಅದು ಎಷ್ಟು ಭಾನುವಾರ ನಡೆಯಿತೋ. ಅವರೆಕಾಯಿ ಹೋಗಿ ಮಾವಿನಕಾಯಿ ಬಂದರೂ ಇಬ್ಬರೂ ಅದೇ ಜೋಡಣೆಯ ಮುಂದೆ. ರಾಜ ನೆಗೆದ ಮೇಲೆ ಆನೆಯನ್ನು ಹಿಂದಕ್ಕೆ ತಂದರೆ? ಆಗ ಒಂಟೆ ಹೋಗುತ್ತದೆ. ರಾಣಿಯನ್ನು ಎಡಕ್ಕೆ ತಂದು ಅಟ್ಟಿದರೆ? ಹಸಿರು ಕುದುರೆ ಅಡ್ಡ ಬರುತ್ತದೆ. ಅಪ್ಪ ವಾರವೆಲ್ಲ ಯೋಚಿಸಿ ಒಂದು ದಾರಿ ತರುತ್ತಿದ್ದ, ದೊಡ್ಡಪ್ಪ ಒಂದು ಊಟದ ಹೊತ್ತಿನಲ್ಲಿ ಅದನ್ನು ಮುಚ್ಚುತ್ತಿದ್ದ. ಕೆಲವು ದಿನ ಧ್ವನಿ ಏರುತ್ತಿತ್ತು. ಬರೀ ರೂಲ್ಸಿನ ಮೇಲೆ ಬದುಕ್ತೀಯ ನೀನು ಎಂದು ಅಪ್ಪ ಒಮ್ಮೆ ಹೇಳಿಯೇಬಿಟ್ಟ. ದೊಡ್ಡಪ್ಪ ಹಲಗೆಯನ್ನು ಮಗುಚಿ ಎದ್ದುಹೋದ. ಆಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಬಸ್ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅದನ್ನು ಯಾರೂ ಹೇಳಲಿಲ್ಲ. ದೊಡ್ಡಮ್ಮ ನನ್ನ ಪಕ್ಕ ಕೂತು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಅಪ್ಪ ಬಂದ ದಿನ ಅವಳ ಕೈ ನನ್ನ ಮೈ ಬಿಡುತ್ತಿರಲಿಲ್ಲ.

ಅಪ್ಪ ಆ ಹಾಳೆಯನ್ನು ಹಲಗೆಯ ಕೆಳಗೆ ಬಿಟ್ಟು ಹೋಗುತ್ತಿದ್ದ. ಶಾಲೆ ಬಿಟ್ಟು ಬಂದ ಮೇಲೆ ನಾನು ಅದನ್ನು ತೆಗೆದು ಕಾಯಿ ಜೋಡಿಸಿಕೊಂಡು ಕೂರುತ್ತಿದ್ದೆ. ದೊಡ್ಡಮ್ಮ ಎದುರಿಗೆ ಮೊರ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ನನಗೆ ಆಟದ ತಲೆ ಇತ್ತು ಎಂದು ಹೇಳಿಕೊಳ್ಳುವುದಿಲ್ಲ. ಇದ್ದದ್ದು ಊರಿಗೆ ಹೋಗುವ ಆಸೆ. ನಡುವಿನ ಜೋಡಣೆ ಎಷ್ಟು ತಿರುವಿದರೂ ದೊಡ್ಡಪ್ಪನ ನೆಗೆತಕ್ಕೆ ಉತ್ತರ ಸಿಗದೆ, ಒಂದು ದಿನ ಬೇಜಾರಾಗಿ ಹಾಳೆಯ ಮೊದಲ ಸಾಲಿನಿಂದಲೇ ಆಡಿದೆ. ಯಾರೂ ಹಾಗೆ ಮಾಡಿರಲಿಲ್ಲ. ಇಬ್ಬರಿಗೂ ಬೇಕಾದದ್ದು ಆನೆ ಬೀಳುವ ಜಾಗ ಮಾತ್ರ, ಅದಕ್ಕೆ ಮೊದಲಿನದೆಲ್ಲ ಸಪ್ಪೆ. ಸಿಪಾಯಿ, ಸಿಪಾಯಿ, ಕುದುರೆ, ಆಮೇಲೆ ಕೆಂಪು ಒಂಟೆ ಓರೆಯಲ್ಲಿ ಹೊರಬಂದು ನಿಂತಿತು. ಅದರ ಮುಂದೆ ಅಪ್ಪ ಸಣ್ಣದಾಗಿ ಚೆಕ್ ಎಂದು ಬರೆದಿದ್ದ. ಹಸಿರಿನವನು ಒಂದು ಸಿಪಾಯಿಯನ್ನು ಒಂದು ಹೆಜ್ಜೆ ಮುಂದೆ ತಳ್ಳಿ ಅಡ್ಡ ಇಟ್ಟಿದ್ದ. ಒಂಟೆ ಹಿಂದಕ್ಕೆ ಹೋಗಿತ್ತು. ಯಾರೂ ಸಾಯಲಿಲ್ಲ, ಏನೂ ಆಗಲಿಲ್ಲ, ಆಟ ಮುಂದೆ ಹೋಗಿತ್ತು. ನಾನು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಹಸಿರು ರಾಜನಿಗೆ ಮೊದಲ ಚೆಕ್ ಬಿದ್ದಾಗಿದೆ. ಅವನು ಆಗ ನೆಗೆದಿಲ್ಲ. ಆನೆ ಬರುವ ಹೊತ್ತಿಗೆ ಅವನ ನೆಗೆತ ಎಂದೋ ಮುಗಿದುಹೋಗಿದೆ. ಮನೆ ಆಟದ ಪ್ರಕಾರವೂ ಆನೆ ಕೊಟ್ಟದ್ದು ಸರಿ. ದೊಡ್ಡಮ್ಮ ತಲೆಯೆತ್ತಿ, ಯಾಕೆ ಮಗಾ ಮುಖ ಹಂಗಾಯ್ತು ಎಂದು ಕೇಳಿ ಹಣೆ ಮುಟ್ಟಿ ನೋಡಿದಳು. ಏನಿಲ್ಲ ಎಂದೆ. ಅವಳ ಕೈಯಲ್ಲಿ ಅಕ್ಕಿಯ ಧೂಳಿತ್ತು, ನನ್ನ ಹಣೆಗೂ ಹತ್ತಿತು.

ಭಾನುವಾರ ಊಟವಾದ ಮೇಲೆ ಇಬ್ಬರೂ ಹಲಗೆಯ ಮುಂದೆ ಕೂತರು. ನಾನು ಹೋಗಿ ಪಕ್ಕದಲ್ಲಿ ಕೂತು, ಮೊದಲಿಂದ ಆಡ್ತೀನಿ ಎಂದೆ. ಅಪ್ಪ ಬೇಡ ಅಂದ. ಆ ಬೇಡ ನನಗೆ ಆಗ ಅರ್ಥವಾಗಲಿಲ್ಲ. ನಾನು ಕಾಯಿ ಜೋಡಿಸಿ, ಒಂಟೆಯ ಚೆಕ್ಕಿನವರೆಗೆ ಆಡಿ, ಸಿಪಾಯಿಯನ್ನು ಅಡ್ಡ ಇಟ್ಟು, ಇಬ್ಬರ ಮುಖವನ್ನೂ ನೋಡಿದೆ. ಭೇಷ್ ಅನ್ನುತ್ತಾರೆ ಎಂದುಕೊಂಡಿದ್ದೆ. ಇಬ್ಬರೂ ಹಲಗೆ ನೋಡುತ್ತಿದ್ದರು. ಯಾರಿಗೂ ಆಶ್ಚರ್ಯವಾಗಿರಲಿಲ್ಲ.

"ಗೊತ್ತು ಕಣವ್ವ," ಎಂದ ದೊಡ್ಡಪ್ಪ. "ಈ ಹಲಗೆ ಮುಂದೆ ಕೂತೇ ತಲ್ಕೂದ್ಲು ಬೆಳ್ಳಗಾಗೈತೆ. ನಂಗ್ ಗೊತ್ತಾಗಲ್ವ? ನಿಮ್ಮಪ್ಪಂಗೂ ಗೊತ್ತು."

ಅಪ್ಪ ಹಾಳೆಯನ್ನು ಮಡಿಸಿ ಹಲಗೆಯ ಕೆಳಗೆ ತಳ್ಳಿದ. ಎಷ್ಟು ದಿನದಿಂದ ಗೊತ್ತಿತ್ತೋ, ಹಾಳೆ ಬರೆದ ದಿನವೇ ಗೊತ್ತಿತ್ತೋ. ಗೊತ್ತಿದ್ದೂ ಇಬ್ಬರೂ ವಾರ ವಾರ ಕೂತು, ಮಾಡಲಾರದ ನೆಗೆತವನ್ನು ಮಾಡಿಸಿ, ಅದಕ್ಕೆ ಉತ್ತರ ಹುಡುಕಿ, ಜಗಳವನ್ನೂ ಆಡಿದ್ದರು. ಹಲಗೆ ಇರುವವರೆಗೆ ಇನ್ನೊಂದು ಮಾತು ಎತ್ತಬೇಕಾಗಿರಲಿಲ್ಲವಲ್ಲ. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ; ಆಗ ನನಗೆ ತೋಚಿದ್ದು ಒಂದೇ.

"ಹಂಗಾದ್ರೆ ಅಪ್ಪ ಗೆದ್ದ. ಏನ್ ಕೇಳಿದ್ರೂ ಕೊಡ್ತೀನಿ ಅಂದಿದ್ದೆ ನೀನು."

ದೊಡ್ಡಪ್ಪ ತಮ್ಮನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರಾದರೂ ಇದನ್ನು ತನ್ನ ಕೈಯಿಂದ ತೊಗೊಂಡುಬಿಡಲಿ ಎನ್ನುವವನ ಹಾಗೆ ಕೂತಿದ್ದ.

"ಕೇಳೋ," ಎಂದ.

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಕಡೆ ಹೋಯಿತು. ದೊಡ್ಡಮ್ಮ ಕಾಫಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು, ಕಾಫಿ ತುಳುಕಿ ಅವಳ ಕೈ ಮೇಲೆ ಇಳಿಯುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ನನ್ನ ಜಡೆಯನ್ನು. ಬೆಳಗ್ಗೆ ಅವಳೇ ಹೆಣೆದ ಜಡೆ.

"ಒಂದ್ ಲೋಟ ಕಾಫಿ ಕೊಡಿ ಅತ್ಗೆ," ಎಂದ ಅಪ್ಪ. "ಬಸ್ಸಿಗೆ ಹೊತ್ತಾಯ್ತು."

ಅವನು ಕೇಳಿದ್ದು ಅದನ್ನು. ಕಾಫಿ ಕುಡಿದು, ಲೋಟವನ್ನು ತೊಳೆದು ಬೋರಲು ಹಾಕಿ, ನನ್ನ ತಲೆ ಮುಟ್ಟಿ ಹೋದ. ಎಣ್ಣೆಯ ವಾಸನೆ ಸ್ವಲ್ಪ ಹೊತ್ತು ಇತ್ತು. ನಾನು ಅಳಲಿಲ್ಲ, ಅತ್ತರೆ ದೊಡ್ಡಮ್ಮ ರೆಪ್ಪೆ ಎಳೆದು ನೋಡುತ್ತಾಳೆ. ಮುಂದಿನ ಭಾನುವಾರ ಅಪ್ಪ ಬಂದಾಗ ದೊಡ್ಡಪ್ಪ ಹಲಗೆ ಹಾಕಲಿಲ್ಲ. ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ಕೂತು ರಸ್ತೆ ನೋಡಿದರು. ಆಮೇಲೆ ಅಪ್ಪ ತಿಂಗಳಿಗೊಮ್ಮೆ ಬರತೊಡಗಿದ, ಆಮೇಲೆ ಹಬ್ಬಕ್ಕೆ. ನಾನು ಆಟದ ಗಂಟು ಬಿಡಿಸಿದೆ, ಭಾನುವಾರಗಳನ್ನು ಕಳೆದುಕೊಂಡೆ. ಅಪ್ಪನ ಮೇಲಿನ ಸಿಟ್ಟು ಅವನು ತೀರಿಕೊಂಡ ಮೇಲೂ ನನ್ನನ್ನು ಬಿಟ್ಟಿಲ್ಲ. ಅವನು ನೋಡಿದ ದೊಡ್ಡಮ್ಮನ ಆ ಕೈಯನ್ನು ನಾನೂ ನೋಡಿದ್ದೆ, ಆ ಕೈ ಕೊನೆಯವರೆಗೂ ನನ್ನನ್ನು ಸಾಕಿತು, ಮೊನ್ನೆ ಮೊನ್ನೆ ನನ್ನ ಮನೆಯಲ್ಲೇ, ನನ್ನ ಕೈಯಲ್ಲೇ ತಣ್ಣಗಾಯಿತು. ದೊಡ್ಡಮ್ಮನನ್ನು ನಾನು ಪ್ರೀತಿಸಿದೆ, ಅದರಲ್ಲಿ ಸುಳ್ಳಿಲ್ಲ. ಆದರೂ ಅಪ್ಪ ಕೇಳಬೇಕಿತ್ತು. ದೊಡ್ಡಪ್ಪ ಇಲ್ಲ ಅಂದಿದ್ದರೂ ಆಗುತ್ತಿತ್ತು. ಕೇಳಿದ ಎನ್ನುವುದೊಂದು ನನಗೆ ಉಳಿಯುತ್ತಿತ್ತು.

ಅಮ್ಮ ಈಗ ಕುಣಿಗಲ್ಲಿನಲ್ಲಿ ಅಕ್ಕನ ಜೊತೆ ಇದ್ದಾಳೆ. ತುಮಕೂರಿನಲ್ಲಿ ಮೇಷ್ಟರ ಕೆಲಸ ಮಾಡಿ ನಿವೃತ್ತಳಾದ ನನಗೆ ಹೋಗಿಬರಲು ಬೇಕಾದಷ್ಟು ಪುರುಸೊತ್ತಿದೆ. ಹೋದ ತಿಂಗಳು ಹೋದಾಗ ಮಧ್ಯಾಹ್ನ ಅವಳ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅಕ್ಕ ಒಳಗೆ ಮಲಗಿದ್ದಳು. ಅಮ್ಮ ಕಾಳುಗಳನ್ನು ಹಾಕಿಕೊಳ್ಳುತ್ತಿದ್ದದ್ದು ಒಂದು ಹಳೆಯ ಸ್ಟೀಲ್ ತಟ್ಟೆಗೆ. ಅಂಚಿನ ಚುಕ್ಕಿಗಳು ಸವೆದು ವ ಮಾತ್ರ ಸರಿಯಾಗಿ ಉಳಿದಿತ್ತು. ಊಟವನ್ನೂ ಅದರಲ್ಲೇ ಮಾಡ್ತಾಳೆ, ಬೇರೆ ಕೊಟ್ಟರೆ ಬೇಡ ಅಂತಾಳೆ ಎಂದು ಅಕ್ಕ ಹಿಂದೆ ಒಮ್ಮೆ ದೂರಿದ್ದು ನೆನಪಾಯಿತು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ನಾನು ಕೇಳಿಯೇಬಿಟ್ಟೆ. ಅಪ್ಪ ಹೋಗಲಿ, ನೀನು ಯಾಕೆ ಬಂದು ನನ್ನನ್ನು ಕರೆದುಕೊಂಡು ಹೋಗಲಿಲ್ಲ ಎಂದೆ. ಧ್ವನಿ ಗಟ್ಟಿಯಾಗಿಯೇ ಬಂತು.

ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವಳು ಜೀವನದಲ್ಲಿ ಒಂದು ದಿನವೂ ಆ ಹಲಗೆಯ ಮುಂದೆ ಕೂತವಳಲ್ಲ.

"ನಿಮ್ ದೊಡ್ಡಪ್ಪ ಮೊದ್ಲು ಕೇಳುದ್ರಲ್ಲ, ಅವತ್ತೇ ಬ್ಯಾಡ ಅನ್ಬೇಕಿತ್ತು ಕಣೇ. ಅವತ್ತು ರಜ ಮುಗಿಯೋಗಂಟ ಅಂತ ಒಂದು ಅಡ್ಡ ಮಾತು ಇಟ್ಬುಟ್ಟೆ. ಅದಾದ್ಮೇಲೆ ಎಷ್ಟ್ ಸಲ ಹೊರಟೆ ಗೊತ್ತ, ಸೀರೆ ಉಟ್ಕೊಂಡು ಬಸ್‌ಸ್ಟ್ಯಾಂಡ್‌ಗಂಟ ಹೋಗಿ ನಿಂತಿದೀನಿ. ಹತ್ತಕ್ಕೆ ಆಗ್ಲಿಲ್ಲ. ಮೊದ್ಲೇ ಬುಟ್ಕೊಟ್ಟೋಳು, ಈಗ ಯಾವ್ ಬಾಯಲ್ಲಿ ಕೇಳ್ಲಿ ಅಂತ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದೆ. ಸಂಜೆಯ ಬಸ್ಸಿಗೆ ತುಮಕೂರಿಗೆ ಬಂದು ದೊಡ್ಡಮ್ಮನ ಜೊತೆ ನನ್ನ ಮನೆಗೆ ಬಂದಿದ್ದ ದೊಡ್ಡಪ್ಪನ ಹಲಗೆಯನ್ನು ಕಪಾಟಿನಿಂದ ತೆಗೆದೆ. ಹಾಳೆ ಯಾವಾಗಲೋ ಹರಿದುಹೋಗಿದೆ, ನಡೆಗಳು ನೆನಪಿವೆ. ಸಿಪಾಯಿ, ಸಿಪಾಯಿ, ಕುದುರೆ. ಕೆಂಪು ಒಂಟೆ ಓರೆಯಲ್ಲಿ ಬಂದು ನಿಂತಿತು. ಸಿಪಾಯಿಗೆ ಹೋದ ಕೈಯನ್ನು ಹಿಂದಕ್ಕೆ ತೊಗೊಂಡು, ರಾಜನನ್ನು ಎತ್ತಿ, ಆ ಮೊದಲ ಚೆಕ್ಕಿಗೇ ಹಾರಿಸಿದೆ. ಅವನು ತನ್ನವರನ್ನೆಲ್ಲ ಹಿಂದೆ ಬಿಟ್ಟು, ಬಯಲಿನಂಥ ಜಾಗದಲ್ಲಿ, ಒಬ್ಬನೇ ಬಂದು ನಿಂತ. ಅಲ್ಲಿ ಅವನು ಉಳಿಯುವುದು ಕಷ್ಟ, ಆಟ ಬಲ್ಲ ಯಾರು ನೋಡಿದರೂ ಹೇಳುತ್ತಾರೆ. ನಾನು ಮುಂದೆ ಆಡಿ ನೋಡಲಿಲ್ಲ. ಅವನನ್ನು ಅಲ್ಲೇ ಬಿಟ್ಟು, ಅಮ್ಮ ಕಟ್ಟಿಕೊಟ್ಟ ಅವರೆಕಾಳನ್ನು ನೀರಿಗೆ ಹಾಕಲು ಒಳಗೆ ಹೋದೆ.